ಮದುವೆಯಿಂದ ಬಂದ ಊರು

ಬಿಬವೇವಾಡಿಯ ನಮ್ಮ ಸೊಸೈಟಿಯಲ್ಲಿದ್ದ ಕಾಕಾ ಒಬ್ಬರು ನಿವೃತ್ತರಾದ ಮೇಲೆ ಥಾಯ್ಲೆಂಡಿಗೆ ಹೋಗಿ ನೆಲೆಸಿದ್ದಾರೆ. 50 ದಾಟಿದವರಿಗೆ ಅಲ್ಲಿ ನಿವೃತ್ತಿಯ ಆಧಾರದ ಮೇಲೆ ವರ್ಷ ವರ್ಷ ವಾಸದ ಪರವಾನಗಿ ಸಿಗುತ್ತದೆ. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು. ವಿಧುರರಾಗಿದ್ದ ಕಾಕಾ ಅಲ್ಲಿಯವರನ್ನೇ ಮದುವೆಯಾದರು. ಪರವಾನಗಿಯನ್ನು ಮದುವೆಯ ಆಧಾರಕ್ಕೆ ಬದಲಿಸಿಕೊಳ್ಳಲೇ ಎಂದು ಫೋನಿನಲ್ಲಿ ಕೇಳಿದರು. ಹಾಗೆ ಮಾಡಿದರೆ 4 ಲಕ್ಷ ಬಾತ್ ಸಾಕು ಅಥವಾ ತಿಂಗಳಿಗೆ 40 ಸಾವಿರದ ಆದಾಯ. ಕೆಲಸದ ಪರವಾನಗಿಗೂ ಅರ್ಜಿ ಹಾಕಬಹುದು. ದುಡ್ಡಿನ ಲೆಕ್ಕದಲ್ಲಿ ಬದಲಿಸುವುದೇ ಲಾಭ. ಆದರೆ ನಿವೃತ್ತಿಯ ಪರವಾನಗಿ ನಿಂತಿರುವುದು ಅವರದೇ ವಯಸ್ಸು, ಅವರದೇ ಹಣದ ಮೇಲೆ. ಮದುವೆಯದು ಇನ್ನೊಬ್ಬರ ಮೇಲೆ. ವಿಚ್ಛೇದನವಾದರೆ ಆ ಆಧಾರ ಹೋಗುತ್ತದೆ, ಮತ್ತೆ 8 ಲಕ್ಷ ಹೊಂದಿಸಬೇಕು. ಆಫೀಸಿನಲ್ಲಾಗಿದ್ದರೆ ಇದನ್ನು ರಿಸ್ಕ್ ಪಟ್ಟಿಯಲ್ಲಿ ಕೆಂಪು ಬಣ್ಣದಲ್ಲಿ ಬರೆಯುತ್ತಿದ್ದೆ.

ಕಲಬುರಗಿ ಕಡೆಯವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಕಲಬುರಗಿ, ರಾಯಚೂರು, ಬೀದರ್ ಸೇರಿದ್ದ ಕಾಲದಲ್ಲಿ ಸರ್ಕಾರಿ ನೌಕರಿ ಬೇಕಾದರೆ 'ಮುಲ್ಕಿ' ಆಗಿರಬೇಕಿತ್ತು. ಮುಲ್ಕ್ ಎಂದರೆ ನಾಡು, ಮುಲ್ಕಿ ಎಂದರೆ ನಾಡಿನವ. ಉತ್ತರ ಹಿಂದೂಸ್ತಾನದಿಂದ, ಮದ್ರಾಸಿನ ಕಡೆಯಿಂದ ಬಂದವರೇ ದೊಡ್ಡ ಹುದ್ದೆಗಳಲ್ಲಿ ತುಂಬಿಕೊಂಡರು ಎಂಬ ಸಿಟ್ಟು ಹಳೆಯದು. 1919ರ ಫರ್ಮಾನು ಯಾರು ಮುಲ್ಕಿ ಎಂಬುದನ್ನು ಬರೆದಿಟ್ಟಿತು. ಇದು ವೀಸಾ ಅಲ್ಲ, ನೌಕರಿಯ ನಿಯಮ. ಆದರೂ ಹೊರಗಿನವನು ಯಾವಾಗ ಒಳಗಿನವನಾಗುತ್ತಾನೆ ಎಂಬ ಪ್ರಶ್ನೆಗೆ ಅಷ್ಟು ಬಿಡಿಸಿ ಉತ್ತರ ಕೊಟ್ಟ ನಿಯಮ ನಾನು ಬೇರೆ ಓದಿಲ್ಲ.

ನಾಲ್ಕು ದಾರಿಗಳಿದ್ದವು. ಹುಟ್ಟಿನಿಂದ, ಅಂದರೆ ಹುಟ್ಟುವಾಗ ಅಪ್ಪ ಮುಲ್ಕಿಯಾಗಿದ್ದರೆ; ತಾಯಿಯ ಮಾತಿಲ್ಲ. ಎರಡನೆಯದು ವಾಸದಿಂದ: ಕಡಿಮೆಯೆಂದರೆ 15 ವರ್ಷ ಕಾಯಂ ಆಗಿ ಇದ್ದು, ಹಿಂದಿನ ಊರಿಗೆ ಮರಳುವ ವಿಚಾರ ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಮಾಡಬೇಕು. (ದೀಪಾವಳಿಯ ಬಸ್ಸಿಗೆ ಎರಡು ತಿಂಗಳು ಮೊದಲೇ ಸೀಟು ಹಿಡಿಯುವ ನಮ್ಮಲ್ಲಿ ಎಷ್ಟು ಜನ ಈ ಅಫಿಡವಿಟ್ ಮೇಲೆ ಸಹಿ ಹಾಕುತ್ತಿದ್ದರು?) ಮೂರನೆಯದು, ಸರ್ಕಾರಿ ಸೇವೆಯಲ್ಲಿ 15 ವರ್ಷ ಮುಗಿಸಿ ಇನ್ನೂ ಸೇವೆಯಲ್ಲಿರುವಾತನಿಗೆ ಹುಟ್ಟಿದ ಮಗು. ನಾಲ್ಕನೆಯದು ಒಂದೇ ಸಾಲು: ಮುಲ್ಕಿಯ ಹೆಂಡತಿ ಮುಲ್ಕಿ. ಆಕೆಗೆ 15 ವರ್ಷವೂ ಬೇಡ, ಅಫಿಡವಿಟ್ಟೂ ಬೇಡ. ಮುಲ್ಕಿ ಹೆಣ್ಣನ್ನು ಮದುವೆಯಾದ ಗಂಡಸಿಗೆ ಇಂಥ ಸಾಲಿರಲಿಲ್ಲ.

ನಮ್ಮ ಆಯಿಯ ತವರು ಸೊಲ್ಲಾಪುರದ ಕಡೆಯ ಹಳ್ಳಿ, ಆಗ ಬ್ರಿಟಿಷ್ ಮುಂಬಯಿ ಪ್ರಾಂತ. ಮದುವೆಯಾಗಿ ಬಂದದ್ದು ಆಳಂದಕ್ಕೆ, ನಿಜಾಮರ ಸೀಮೆಗೆ. ನಡುವೆ ಒಂದು ದಿನದ ಎತ್ತಿನ ಗಾಡಿಯ ದಾರಿ. ಎರಡೂ ಕಡೆ ಅದೇ ಕನ್ನಡ, ಅದೇ ಜೋಳದ ರೊಟ್ಟಿ. ಅಕ್ಷತೆ ಬಿದ್ದ ದಿನವೇ ಆಯಿ ಮುಲ್ಕಿಯಾದಳು, ಅದು ಆಕೆಗೆ ಗೊತ್ತೇ ಇರಲಿಲ್ಲ. ಮುತ್ಯಾನ ತಂಗಿಯನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಹುಟ್ಟಿದ ನಾಡಿನವಳೆಂಬ ಹಕ್ಕು ಆಕೆಗೆ ಅದೇ ರೀತಿ ಹೋಯಿತು: ಮುಲ್ಕಿ ಹೆಣ್ಣು ಹೊರಗಿನವನನ್ನು ಮದುವೆಯಾದರೆ ಮುಲ್ಕಿಯಲ್ಲ.

ಇದು ನಿಜಾಮರ ಒಬ್ಬರದೇ ಬುದ್ಧಿಯೇನಲ್ಲ. ಬ್ರಿಟನ್ನಿನ 1914ರ ಕಾಯ್ದೆಯೂ ಹೆಂಡತಿಗೆ ಗಂಡನ ರಾಷ್ಟ್ರೀಯತೆಯನ್ನೇ ಹಚ್ಚುತ್ತಿತ್ತು. ಅಮೆರಿಕದಲ್ಲಿ 1923ರ ಥಿಂಡ್ ತೀರ್ಪಿನ ನಂತರ ಭಾರತೀಯರು ಪೌರತ್ವಕ್ಕೆ ಅನರ್ಹರಾದಾಗ, ಕ್ರಾಂತಿಕಾರಿ ತಾರಕನಾಥ ದಾಸರ ಹೆಂಡತಿ, ಅಮೆರಿಕದಲ್ಲೇ ಹುಟ್ಟಿದ ಮೇರಿ, ತನ್ನ ದೇಶದ ಪೌರತ್ವ ಕಳೆದುಕೊಂಡಳು.

ಆದರೆ ನಿಜಾಮರ ನಿಯಮದಲ್ಲಿ ಇನ್ನೊಂದು ಮಾತಿತ್ತು. ಮದುವೆಯಿಂದ ಮುಲ್ಕಿಯಾದವಳು ವಿಧವೆಯಾದರೂ, ವಿಚ್ಛೇದನವಾದರೂ, ಸಂಸ್ಥಾನದಲ್ಲೇ ಕಾಯಂ ಇದ್ದರೆ ಮುಲ್ಕಿಯಾಗಿಯೇ ಉಳಿಯುತ್ತಾಳೆ. ಹೊರಗೆ ಕೊಟ್ಟ ಹೆಣ್ಣು ವಿಧವೆಯಾಗಿ ಅಥವಾ ಗಂಡನಿಂದ ಬೇರೆಯಾಗಿ ಬಂದು 5 ವರ್ಷ ಇದ್ದರೆ ಆಕೆಯ ಮೊದಲಿನ ಹಕ್ಕು ಮರಳುತ್ತದೆ. ಮುತ್ಯಾ ಪೊಲೀಸ್ ಆಕ್ಷನ್ನಿಗಿಂತ ಮೊದಲೇ ತೀರಿಕೊಂಡ. ಆಯಿ ತವರಿಗೆ ಹೋಗಲಿಲ್ಲ, ಆಳಂದದಲ್ಲೇ ಮಕ್ಕಳನ್ನು ಬೆಳೆಸಿದಳು. ಅಕ್ಷರ ಬಾರದ ಆಕೆಗೆ ಸರ್ಕಾರಿ ನೌಕರಿ ಎಲ್ಲಿಯದು, ಆ ಸಾಲು ಉಪಯೋಗಕ್ಕೆ ಬರಲಿಲ್ಲ. ಆದರೂ ಗಂಡ ಸತ್ತ ಮೇಲೆ ನೀನು ಯಾವ ಊರವಳು ಎಂದು ಕಾಗದ ಆಕೆಯನ್ನು ಕೇಳಲಿಲ್ಲ. ನನಗೆ ಇದು ಸಣ್ಣ ಸಂಗತಿಯೆನಿಸುವುದಿಲ್ಲ.

1956ರಲ್ಲಿ ನಮ್ಮ ಮೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದವು. ಮುಲ್ಕಿ ಜಗಳ ತೆಲಂಗಾಣದಲ್ಲಿ ಮುಂದುವರಿದು, 1972ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ನಿಯಮಗಳು ಅಲ್ಲಿ ಸಿಂಧು ಎಂದಿತು. ಮರುವರ್ಷ ಸಂವಿಧಾನದ 32ನೇ ತಿದ್ದುಪಡಿ ಅದಕ್ಕೆ ತೆರೆ ಎಳೆಯಿತು. ಆ 15 ವರ್ಷ ಮಾತ್ರ ಪುಣೆಯಲ್ಲಿ ನನ್ನ ಬೆನ್ನಿಗೇ ಇದೆ: ಮಹಾರಾಷ್ಟ್ರದ ಅಧಿವಾಸ ಪ್ರಮಾಣಪತ್ರ ಕೇಳುವುದೂ 15 ವರ್ಷದ ವಾಸವನ್ನೇ. ನನ್ನ ದಾಖಲೆಗಳು ಸಲೀಸಾಗಿ ಸಿಕ್ಕವು. ಹೆಂಡತಿಯದಕ್ಕೆ ಕುಳಿತಾಗ ಲೈಟ್ ಬಿಲ್ಲು, ಮನೆಯ ಅಗ್ರೀಮೆಂಟು, ಗ್ಯಾಸಿನ ಪುಸ್ತಕ ಎಲ್ಲವೂ ನನ್ನ ಹೆಸರಿನಲ್ಲಿ. ನನ್ನಷ್ಟೇ ಕಾಲ ಇಲ್ಲಿದ್ದವಳ ಬಳಿ ತೋರಿಸಲು ಇದ್ದದ್ದು ಮದುವೆಯ ಪ್ರಮಾಣಪತ್ರ.

ಸ್ವತಂತ್ರ ಭಾರತದ ಕಾಯ್ದೆಯಲ್ಲಿ ಇದೇ ಮಾತನ್ನು ಹುಡುಕಿ ನೋಡಿದೆ. 1955ರ ಪೌರತ್ವ ಕಾಯ್ದೆ ಮದುವೆಯ ಆಧಾರದ ನೋಂದಣಿಯನ್ನು ಭಾರತೀಯ ಪೌರರ ಹೆಂಡತಿಯಾಗಿರುವ 'ಅಥವಾ ಆಗಿದ್ದ' ಹೆಂಗಸರಿಗೆ ಕೊಟ್ಟಿತ್ತು. ಗಂಡಸರಿಗೆ ಆ ಬಾಗಿಲು ತೆರೆದದ್ದು 1986ರ ತಿದ್ದುಪಡಿಯಲ್ಲಿ, 5 ವರ್ಷದ ವಾಸದ ಷರತ್ತಿನೊಂದಿಗೆ. ಆಗಲೂ 'ಆಗಿದ್ದ' ಉಳಿದಿತ್ತು. 2003ರ ತಿದ್ದುಪಡಿ ವಾಸವನ್ನು 7 ವರ್ಷಕ್ಕೆ ಏರಿಸಿತು, 'ಆಗಿದ್ದ' ಎಂಬುದನ್ನು ತೆಗೆಯಿತು. ಈಗ ಅರ್ಜಿ ಹಾಕುವ ದಿನ ಮದುವೆ ಇರಬೇಕು. ವಿದೇಶಿ ಸಂಗಾತಿಗೆ ಓಸಿಐ ಕಾರ್ಡು ಬೇಕಾದರೆ ನೋಂದಾಯಿತ ಮದುವೆ 2 ವರ್ಷ ಬಾಳಿರಬೇಕು. ವಿಚ್ಛೇದನವಾದರೆ ಸರ್ಕಾರ ಅದನ್ನು ರದ್ದು ಮಾಡಬಹುದು ಎಂದು 2015ರಲ್ಲಿ ಸೇರಿಸಿದ ಸಾಲು ಹೇಳುತ್ತದೆ. ಆಕೆ ಇಲ್ಲಿ ಎಷ್ಟು ವರ್ಷ ಬಾಳಿದಳು, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂಬುದು ಆ ಸಾಲಿನಲ್ಲಿಲ್ಲ.