ಸಮೋವ: ಗ್ರಾಮಸಭೆ, ಮಾನವಹಕ್ಕು ಮತ್ತು ರಾಜ್ಯಾಡಳಿತ

ದಕ್ಷಿಣ ಶಾಂತಸಾಗರದ ಪಾಲಿನೇಷ್ಯ ವಲಯದಲ್ಲಿ, ಉಪೋಲು ಮತ್ತು ಸವಾಯಿ ಎಂಬ ಎರಡು ದೊಡ್ಡ ಜ್ವಾಲಾಮುಖಿಜನ್ಯ ದ್ವೀಪಗಳನ್ನೂ ಕೆಲವು ಕಿರುದ್ವೀಪಗಳನ್ನೂ ಒಳಗೊಂಡಿರುವ ಸ್ವತಂತ್ರ ರಾಷ್ಟ್ರ ಸಮೋವ. ರಾಜಧಾನಿ ಆಪಿಯ, ಜನಸಂಖ್ಯೆ ಸುಮಾರು ಎರಡು ಲಕ್ಷ. 1997ರವರೆಗೆ ಇದಕ್ಕೆ ಪಶ್ಚಿಮ ಸಮೋವ ಎಂಬ ಹೆಸರಿತ್ತು. ಸೈನ್ಯವಿಲ್ಲದ, ಪೊಲೀಸ್ ಠಾಣೆಗಳೂ ವಿರಳವಾಗಿರುವ ಈ ನಾಡಿನಲ್ಲಿ ಶಾಂತಿಯನ್ನು ಬಹುಮಟ್ಟಿಗೆ ಕಾಯ್ದುಕೊಂಡು ಬಂದಿರುವುದು ಪ್ರಾಚೀನವಾದ ಗ್ರಾಮಸಭೆ. ವ್ಯಕ್ತಿಯ ಹಕ್ಕುಗಳಿಗೆ ಆಗಾಗ ಅಡ್ಡಿಯಾಗಿ ನಿಂತಿರುವುದೂ ಅದೇ ಗ್ರಾಮಸಭೆ. ಶಾಂತಸಾಗರದ ದ್ವೀಪಸಮುದಾಯಗಳಲ್ಲಿ ಮಾನವಹಕ್ಕು ಮತ್ತು ಸುಶಾಸನಗಳ ಪ್ರಶ್ನೆ ಎಷ್ಟು ಜಟಿಲವಾದುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಸಮೋವದ ಸಮಾಜಕ್ಕೆ ಆಧಾರವಾದುದು ‘ಐಂಗ’ ಎಂಬ ವಿಸ್ತೃತ ಕುಟುಂಬ. ಕುಟುಂಬದ ಹಿರಿಯರೆಲ್ಲ ಕೂಡಿ, ಒಮ್ಮತಕ್ಕೆ ಬಂದು, ತಮ್ಮಲ್ಲೊಬ್ಬರಿಗೆ ವಂಶದ ಬಿರುದನ್ನು ಕೊಡುವರು. ಆ ಬಿರುದನ್ನು ಹೊತ್ತವರು ‘ಮತಾಯಿ’ ಎನಿಸಿಕೊಂಡು, ಕುಟುಂಬದ ಭೂಮಿಯನ್ನೂ ಮಾನವನ್ನೂ ಕಾಯುವ ಹೊಣೆಗೆ ಒಳಗಾಗುವರು. ದೇಶದ ಭೂಮಿಯಲ್ಲಿ ಸುಮಾರು ಐದನೆಯ ನಾಲ್ಕು ಪಾಲು ಹೀಗೆ ರೂಢಿಯ ಒಡೆತನಕ್ಕೆ ಸೇರಿದ್ದು, ಅದನ್ನು ಮಾರಕೂಡದೆಂದು ಸಂವಿಧಾನವೇ ವಿಧಿಸಿದೆ. ಗ್ರಾಮದ ಮತಾಯಿಗಳೆಲ್ಲ ಸೇರಿದರೆ ಅದು ‘ಫೊನೊ’, ಎಂದರೆ ಗ್ರಾಮಸಭೆ. ಸಭಾಗೃಹದ ಯಾವ ಕಂಬಕ್ಕೆ ಯಾರು ಒರಗಿ ಕುಳಿತುಕೊಳ್ಳಬೇಕೆಂಬುದು ಬಿರುದಿನ ಅಂತಸ್ತನ್ನು ಅನುಸರಿಸುವುದು; ಮತ ಎಣಿಸುವ ಪದ್ಧತಿಯಿಲ್ಲದೆ, ಎಲ್ಲರೂ ಒಪ್ಪುವವರೆಗೂ ಮಾತು ನಡೆಯುವುದು. ಬಿರುದಿಲ್ಲದ ಗಂಡಸರ ‘ಔಮಾಂಗ’ ಎಂಬ ಕೂಟವು ಸಭೆಯ ಆಜ್ಞೆಯನ್ನು ನಡೆಸಿಕೊಡುತ್ತದೆ. ಹೆಂಗಸರ ಸಮಿತಿಗಳು 1920ರ ದಶಕದಿಂದಲೂ ಮನೆಮನೆಯ ನೈರ್ಮಲ್ಯವನ್ನು ಪರಿಶೀಲಿಸುತ್ತ ಬಂದಿವೆ; ಸರ್ಕಾರದ ಆರೋಗ್ಯ ಇಲಾಖೆಗೆ ಇದಕ್ಕಿಂತ ಅಗ್ಗವಾದ ಸಹಾಯ ಬೇರೆಲ್ಲಿಯೂ ಸಿಕ್ಕಿರಲಾರದು. ತಪ್ಪಿತಸ್ಥನ ಕುಟುಂಬಕ್ಕೆ ಹಂದಿ, ಡಬ್ಬಿ ಮೀನಿನ ಪೆಟ್ಟಿಗೆ, ನವುರಾಗಿ ಹೆಣೆದ ಚಾಪೆ, ಇಲ್ಲವೆ ಹಣದ ರೂಪದಲ್ಲಿ ದಂಡ ಬೀಳುತ್ತದೆ. ಇವೆಲ್ಲಕ್ಕಿಂತ ಘೋರವಾದ ಶಿಕ್ಷೆ ಗ್ರಾಮದಿಂದ ಬಹಿಷ್ಕಾರ. ಭೂಮಿ, ಬಂಧುತ್ವ, ಪೂಜಾಸ್ಥಾನ ಎಲ್ಲವೂ ಗ್ರಾಮದಲ್ಲಿಯೇ ಇರುವಲ್ಲಿ ಅದರಿಂದ ಹೊರದೂಡಲ್ಪಟ್ಟವನಿಗೆ ಉಳಿಯುವುದು ಬಹಳ ಸ್ವಲ್ಪ.

1900ರಿಂದ ಜರ್ಮನಿಯ ಆಳ್ವಿಕೆಗೆ ಒಳಪಟ್ಟಿದ್ದ ಈ ದ್ವೀಪಗಳನ್ನು 1914ರಲ್ಲಿ ನ್ಯೂಜಿಲೆಂಡ್ ವಶಪಡಿಸಿಕೊಂಡಿತು. ರೋಗಪೀಡಿತ ಹಡಗೊಂದನ್ನು ಆಪಿಯದ ಬಂದರಿನಲ್ಲಿ ತಡೆಯದೆ ಬಿಟ್ಟದ್ದರಿಂದ 1918ರ ಇನ್‌ಫ್ಲುಯೆಂಜ ಹರಡಿ, ಜನಸಂಖ್ಯೆಯ ಐದನೆಯ ಒಂದು ಭಾಗದಷ್ಟು ಜನ ಅಳಿದರು. ನ್ಯೂಜಿಲೆಂಡಿನ ಆಳ್ವಿಕೆಯನ್ನು ವಿರೋಧಿಸಿದ ‘ಮೌ’ ಎಂಬ ಅಹಿಂಸಾತ್ಮಕ ಚಳವಳಿಯ ಮೆರವಣಿಗೆಯ ಮೇಲೆ 1929ರ ಡಿಸೆಂಬರ್ 28ರಂದು ಪೊಲೀಸರು ಗುಂಡು ಹಾರಿಸಲು, ಅದರ ನಾಯಕನಾದ ಮೂರನೆಯ ತುಪುವ ತಮಸೆಸೆ ಲಿಯಲೊಫಿ ಪ್ರಾಣ ತೆತ್ತನು. 2002ರಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲನ್ ಕ್ಲಾರ್ಕ್ ಇವುಗಳಿಗಾಗಿ ಕ್ಷಮೆ ಯಾಚಿಸಿದರು. ಸ್ವದೇಶದ ರೂಢಿಯೇ ಪರಕೀಯರಿಗೆದುರಾಗಿ ಸ್ವಾತಂತ್ರ್ಯದ ಕವಚವಾಗಿದ್ದ ಈ ಇತಿಹಾಸವನ್ನು ನೆನೆಯದೆ, ಮತಾಯಿ ಪದ್ಧತಿಯ ಮೇಲೆ ಅಲ್ಲಿನ ಜನರಿಗಿರುವ ಅಭಿಮಾನವನ್ನು ಅಳೆಯಹೊರಡುವವರು ಎಡವುವರು.

1962ರ ಜನವರಿ 1ರಂದು, ಶಾಂತಸಾಗರದ ದ್ವೀಪನಾಡುಗಳಲ್ಲಿ ಆ ಶತಮಾನದಲ್ಲಿ ಮೊದಲನೆಯದಾಗಿ, ಸಮೋವ ಸ್ವತಂತ್ರವಾಯಿತು. ಅದರ ಸಂವಿಧಾನವು ಮೂಲಭೂತ ಹಕ್ಕುಗಳ ಅಧ್ಯಾಯವೊಂದನ್ನು ಒಳಗೊಂಡು, ಕುಲ, ಲಿಂಗ, ಮತಗಳ ಭೇದವನ್ನು 15ನೆಯ ವಿಧಿಯಲ್ಲಿ ನಿಷೇಧಿಸಿತು. ಆದರೆ ಚುನಾವಣೆಯಲ್ಲಿ ಮತದಾನದ ಅಧಿಕಾರವು, ಅನ್ಯವಂಶೀಯರಿಗಾಗಿದ್ದ ಸಣ್ಣ ಪಟ್ಟಿಯೊಂದನ್ನು ಬಿಟ್ಟರೆ, ಮತಾಯಿಗಳಲ್ಲೇ ಉಳಿಯಿತು. ಈ ವೈರುಧ್ಯ ಓಲೊಮಾಲು ಮೊಕದ್ದಮೆಯಲ್ಲಿ ಬಯಲಾಯಿತು. 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮತಾಯಿಗಳ ಈ ವಿಶೇಷಾಧಿಕಾರ 15ನೆಯ ವಿಧಿಗೆ ವಿರುದ್ಧವೆಂದು ಸಾರಲು, ಅದೇ ವರ್ಷ, ಅಲ್ಲಿ ಅದಕ್ಕೂ ಮೇಲಿನದಾದ ಮೇಲ್ಮನವಿ ನ್ಯಾಯಾಲಯವು, ಸಂವಿಧಾನಕರ್ತರು ಬುದ್ಧಿಪೂರ್ವಕವಾಗಿಯೇ ಹಳೆಯ ಪದ್ಧತಿಯನ್ನು ಉಳಿಸಿಕೊಂಡಿದ್ದರೆಂದು ತರ್ಕಿಸಿ, ಆ ತೀರ್ಪನ್ನು ತಳ್ಳಿಹಾಕಿತು. ನ್ಯಾಯಪೀಠ ಬಿಡಿಸದ ಗಂಟನ್ನು ಕೊನೆಗೆ ಜನರೇ ಬಿಡಿಸಿದರು. 1990ರ ಜನಮತಗಣನೆಯಲ್ಲಿ ಅಲ್ಪ ಬಹುಮತದಿಂದ, 21 ವರ್ಷ ತುಂಬಿದ ಎಲ್ಲರಿಗೂ ಮತದಾನದ ಹಕ್ಕು ಲಭಿಸಿತು. ಅಭ್ಯರ್ಥಿಗಳು ಮಾತ್ರ ಮತಾಯಿಗಳೇ ಆಗಿರಬೇಕೆಂಬ ನಿಯಮ ಇಂದಿಗೂ ಉಂಟು.

ಅದೇ 1990ರಲ್ಲಿ ಬಂದ ಗ್ರಾಮಸಭಾ ಶಾಸನವು ಫೊನೊದ ದಂಡನಾಧಿಕಾರಕ್ಕೆ ಶಾಸನದ ಮುದ್ರೆಯೊತ್ತಿ, ನೊಂದವರು ಭೂಮಿ ಮತ್ತು ಬಿರುದುಗಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದೆಂದು ದಾರಿ ತೋರಿತು. ದಾರಿ ಕಾಗದದ ಮೇಲೆ ಸುಗಮವಾಗಿದ್ದರೂ, ನಿನ್ನೆ ಶಿಕ್ಷಿಸಿದ ಹಿರಿಯರ ನಡುವೆಯೇ ನಾಳೆ ಬಾಳಬೇಕಾದವನಿಗೆ ಅದು ಸುಲಭವಲ್ಲ. 1993ರಲ್ಲಿ ಲೋನ ಗ್ರಾಮದಲ್ಲಿ ಸಭೆಯ ಅವಕೃಪೆಗೆ ಪಾತ್ರನಾದವನೊಬ್ಬನು ಗುಂಡಿಗೆ ಬಲಿಯಾಗಿ, ಅವನ ಆಸ್ತಿ ಬೆಂಕಿಗೆ ಆಹುತಿಯಾದುದು ಇಡೀ ದೇಶವನ್ನು ಕಲಕಿತು. ಸವಾಯಿ ದ್ವೀಪದ ಫಲೆಅಲುಪೊದಲ್ಲಿ, ರೂಢಿಯ ಚರ್ಚುಗಳಿಗೆ ಹೊರತಾಗಿ ಬೈಬಲ್ ಅಧ್ಯಯನ ನಡೆಸುತ್ತಿದ್ದವರ ಮೇಲೆ ಗ್ರಾಮಸಭೆ ಕೈಗೊಂಡ ಕ್ರಮವು ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆ ತಂದಿತೆಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ನಿರ್ಣಯಿಸಿತು. ಆದರೆ 2020ರ ಡಿಸೆಂಬರಿನಲ್ಲಿ ಅಂಗೀಕೃತವಾದ ಮೂರು ಶಾಸನಗಳು ಭೂಮಿ ಮತ್ತು ಬಿರುದುಗಳ ನ್ಯಾಯಾಲಯವನ್ನು ಸರ್ವೋಚ್ಚ ನ್ಯಾಯಾಲಯದ ಮೇಲ್ವಿಚಾರಣೆಯಿಂದ ಬೇರ್ಪಡಿಸಿದವು. ರೂಢಿಗೆ ಅದರ ಗೌರವ ಮರಳಿತೆಂದು ಕೆಲವರು ಹಿಗ್ಗಿದರೆ, ಹಕ್ಕುಗಳ ಬಾಗಿಲೇ ಮುಚ್ಚಿತೆಂದು ವಕೀಲರು ಆಕ್ಷೇಪಿಸಿದರು. ಅದಕ್ಕೆ ಮುನ್ನವೇ, ಉಪಪ್ರಧಾನಿಯಾಗಿದ್ದ ಫಿಯಾಮೆ ನವೋಮಿ ಮತಾಅಫ ಈ ಮಸೂದೆಗಳನ್ನು ಪ್ರತಿಭಟಿಸಿ ಪದತ್ಯಾಗ ಮಾಡಿದ್ದರು.

ಸ್ತ್ರೀಯರ ವಿಷಯದಲ್ಲಿ ಸಮೋವದ ರೂಢಿ ಇಬ್ಬಗೆಯಾದುದು. ಸೋದರಿಯು ಸೋದರನಿಗೆ ಪೂಜ್ಯಳು, ಅವಳ ಮಾತನ್ನು ಮೀರಬಾರದು ಎಂಬ ಒಡಂಬಡಿಕೆಯ ಭಾವನೆ ಅಲ್ಲಿ ಅತಿಪ್ರಾಚೀನವಾದುದು. ಆದರೆ ಹೆಂಡತಿಯಾಗಿ ಗಂಡನ ಗ್ರಾಮಕ್ಕೆ ಬಂದವಳಿಗೆ ಆ ಮನ್ನಣೆ ಇಲ್ಲ. ಕೆಲವು ಗ್ರಾಮಗಳಂತೂ ಸ್ತ್ರೀಯರಿಗೆ ಮತಾಯಿ ಪದವಿಯನ್ನೇ ಕೊಡವು. ಸ್ತ್ರೀಯರ ಮೇಲಿನ ಭೇದಭಾವವನ್ನು ನಿರ್ಮೂಲಗೊಳಿಸುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಶಾಂತಸಾಗರದ ದ್ವೀಪರಾಷ್ಟ್ರಗಳಲ್ಲಿ ಮೊದಲು ಸೇರಿದ್ದು ಸಮೋವವೇ, 1992ರಲ್ಲಿ. 2013ರ ಸಂವಿಧಾನ ತಿದ್ದುಪಡಿಯು ಶಾಸನಸಭೆಯ ಶೇಕಡ 10ರಷ್ಟು ಸ್ಥಾನಗಳಾದರೂ ಸ್ತ್ರೀಯರದಾಗಬೇಕೆಂದು ವಿಧಿಸಿ, ಚುನಾವಣೆಯಲ್ಲಿ ಅಷ್ಟು ಮಂದಿ ಗೆಲ್ಲದಿದ್ದರೆ ಹೆಚ್ಚುವರಿ ಸ್ಥಾನಗಳನ್ನು ಸೃಷ್ಟಿಸಲು ಎಡೆಮಾಡಿತು. 2016ರಲ್ಲಿ ನಾಲ್ವರು ಗೆದ್ದುದರಿಂದ ಐದನೆಯವರನ್ನು ಹೀಗೆ ಸೇರಿಸಿಕೊಳ್ಳಲಾಯಿತು.

ಈ ಸದಾಶಯದ ವಿಧಿ 2021ರಲ್ಲಿ ವಿಚಿತ್ರವಾದ ತಿರುವನ್ನು ಕಂಡಿತು. ಏಪ್ರಿಲ್ ಚುನಾವಣೆಯಲ್ಲಿ, 1998ರಿಂದ ಪ್ರಧಾನಿಯಾಗಿದ್ದ ತುಇಲಎಪ ಸೈಲೆಲೆ ಅವರ ಪಕ್ಷಕ್ಕೂ ಫಿಯಾಮೆಯವರ ನಾಯಕತ್ವದ ಹೊಸ ಪಕ್ಷಕ್ಕೂ ಇಪ್ಪತ್ತೈದು ಇಪ್ಪತ್ತೈದು ಸ್ಥಾನಗಳು ಬಂದು, ಒಬ್ಬ ಪಕ್ಷೇತರ ಸದಸ್ಯ ಉಳಿದನು. ಅವನು ಫಿಯಾಮೆಯವರ ಕಡೆಗೆ ಒಲಿಯುವ ಹೊತ್ತಿಗೆ, 51ರ ಶೇಕಡ ಹತ್ತು ಐದಲ್ಲ, ಆರು ಎಂಬ ಲೆಕ್ಕದ ಮೇಲೆ ಆರನೆಯ ಮಹಿಳಾ ಸದಸ್ಯೆಯನ್ನು ಆಳುವ ಪಕ್ಷದಿಂದ ನೇಮಿಸಲಾಗಿ, ಬಲಾಬಲ ಮತ್ತೆ ಸಮವಾಯಿತು. ಸ್ತ್ರೀಯರಿಗೆ ಸಭೆಯ ಬಾಗಿಲು ತೆರೆಯಲೆಂದು ರಚಿಸಿದ ವಿಧಿಯೇ ದೇಶದ ಮೊದಲನೆಯ ಮಹಿಳಾ ಪ್ರಧಾನಿಯ ದಾರಿಗೆ ಅಡ್ಡವಾಯಿತು! ನ್ಯಾಯಾಲಯ ಆ ನೇಮಕವನ್ನು ರದ್ದುಗೊಳಿಸಿತು. ಮೇ 24ರಂದು ಸಂಸತ್ತಿನ ಬಾಗಿಲಿಗೆ ಬೀಗ ಬಿದ್ದಿರಲು, ಫಿಯಾಮೆಯವರೂ ಅವರ ಸಂಗಡಿಗರೂ ಹೊರಗಿನ ಹುಲ್ಲಿನ ಮೇಲೆ ಹೂಡಿದ್ದ ಡೇರೆಯಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಆ ಪ್ರಮಾಣ ಸಿಂಧುವೆಂದು ಮೇಲ್ಮನವಿ ನ್ಯಾಯಾಲಯ ಜುಲೈ 23ರಂದು ತೀರ್ಮಾನಿಸಿತು. ತುಇಲಎಪ ಅಧಿಕಾರ ಬಿಟ್ಟರು. ಮೂರು ತಿಂಗಳ ಈ ಕಲಹದಲ್ಲಿ ರಕ್ತಪಾತ ಸಂಭವಿಸಲಿಲ್ಲವೆಂಬುದು ಗಮನಾರ್ಹ.

ಸುಶಾಸನದ ಇನ್ನೊಂದು ಸಾಧನ ಲೋಕಪಾಲನ ಕಚೇರಿ. 1988ರ ಶಾಸನದಿಂದ ಹುಟ್ಟಿ, 2013ರಲ್ಲಿ ರಾಷ್ಟ್ರೀಯ ಮಾನವಹಕ್ಕು ಸಂಸ್ಥೆಯ ಕರ್ತವ್ಯವನ್ನೂ ಪಡೆದ ಇದು, 2015ರ ತನ್ನ ಮೊದಲನೆಯ ಸ್ಥಿತಿವರದಿಯಲ್ಲಿ, ಹಕ್ಕುಗಳ ವಿಚಾರವು ‘ಫಾಅಸಮೋವ’ಕ್ಕೆ, ಎಂದರೆ ಸಮೋವದ ಜೀವನಕ್ರಮಕ್ಕೆ, ಪರಕೀಯವಲ್ಲವೆಂದು ಪ್ರತಿಪಾದಿಸಿತು. ಇದು ಹುಸಿ ಸಮಾಧಾನವಲ್ಲ. ಅಪರಾಧಿಯ ಬಂಧುಗಳು ನೊಂದವರ ಮನೆಯ ಮುಂದೆ, ತಲೆಯ ಮೇಲೆ ಅಮೂಲ್ಯವಾದ ಚಾಪೆ ಹೊದ್ದು, ಕ್ಷಮೆ ದೊರೆಯುವವರೆಗೂ ತಲೆಬಾಗಿ ಕುಳಿತಿರುವ ‘ಇಫೋಂಗ’ ಎಂಬ ಆಚಾರವು ಸೇಡನ್ನು ತಡೆಯುವಲ್ಲಿ ಎಷ್ಟೋ ಸಲ ಸಫಲವಾಗಿದ್ದು, ನ್ಯಾಯಾಧೀಶರು ಶಿಕ್ಷೆ ವಿಧಿಸುವಾಗ ಇಂದಿಗೂ ಅದನ್ನು ಗಣನೆಗೆ ತೆಗೆದುಕೊಳ್ಳುವರು. ಆದರೆ ಕ್ಷಮಿಸುವವರು ಕುಟುಂಬದ ಹಿರಿಯರಾಗಿದ್ದು, ಪೆಟ್ಟು ತಿಂದವಳು ಮನೆಯೊಳಗಿನ ಹೆಂಗಸಾದಾಗ ಅವಳ ಸಮ್ಮತಿಯನ್ನು ಕೇಳುವವರಾರು ಎಂಬ ಪ್ರಶ್ನೆ ಉಳಿಯುತ್ತದೆ. ಅದೇ ಕಚೇರಿಯು ಕೌಟುಂಬಿಕ ಹಿಂಸೆಯನ್ನು ಕುರಿತು ನಡೆಸಿದ ಸಾರ್ವಜನಿಕ ವಿಚಾರಣೆಯ ವರದಿ 2018ರಲ್ಲಿ ಹೊರಬಂದಾಗ, ಮನೆಯೊಳಗಿನ ಈ ಹೊಡೆತ ಬಡಿತ ದೇಶದಲ್ಲಿ ವ್ಯಾಪಕವಾಗಿರುವುದನ್ನು ಅದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. ಪರಿಹಾರದ ಹೊಣೆಯಲ್ಲಿ ಒಂದು ಪಾಲನ್ನು ಅದೇ ಗ್ರಾಮಸಭೆಗಳ ಹೆಗಲಿಗೂ ಹೊರಿಸಿತು.