ಹರವಿಗೆ ಗುಂಡಿ, ಎತ್ತರಕ್ಕೆ ಕೊಳವೆ: ಮತ್ತಿಕೆರೆಯ ವಸತಿ ಬೆಳವಣಿಗೆ ಮತ್ತು ಒಳಚರಂಡಿ

ಮನೆ ಮೊದಲೋ ಒಳಚರಂಡಿ ಮೊದಲೋ ಎಂಬ ಪ್ರಶ್ನೆಗೆ ನಗರಾಧ್ಯಯನದಲ್ಲಿ ಎರಡು ಉತ್ತರಗಳಿವೆ. ಜನ ಬಂದು ನೆಲೆಸುತ್ತಾರೆ, ಅರ್ಜಿ ಹಾಕುತ್ತಾರೆ, ಆಮೇಲೆ ಕೊಳವೆ ಬರುತ್ತದೆ ಎನ್ನುವುದು ಒಂದು. ಕೊಳವೆ ಹೋದ ದಿಕ್ಕಿಗೇ ಬಡಾವಣೆ ಹೋಗುತ್ತದೆ ಎನ್ನುವುದು ಇನ್ನೊಂದು. ಎರಡನೆಯದು ಹೆಚ್ಚಾಗಿ ಅಮೆರಿಕದ ಅನುಭವದಿಂದ ಬಂದದ್ದು. 1970ರ ದಶಕದಲ್ಲಿ ವಾಷಿಂಗ್ಟನ್ ಸುತ್ತಲಿನ ಮೇರಿಲ್ಯಾಂಡ್ ಉಪನಗರಗಳಲ್ಲಿ ಒಳಚರಂಡಿಯ ಸಾಮರ್ಥ್ಯ ಸಾಲದೆಂದು ಹೊಸ ಜೋಡಣೆಗಳನ್ನೇ ತಡೆಹಿಡಿಯಲಾಗಿತ್ತು. ಬೆಂಗಳೂರಿನ ಮತ್ತಿಕೆರೆಯಂಥ ಊರಿಗೆ ಈ ಎರಡರಲ್ಲಿ ಯಾವುದೊಂದೂ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಇಲ್ಲಿ ಬೆಳವಣಿಗೆ ಎನ್ನುವುದು ಎರಡು ಬೇರೆಬೇರೆ ಸಂಗತಿ. ಊರು ಅಡ್ಡಡ್ಡ ಹರಡುವುದು ಒಳಚರಂಡಿಗಾಗಿ ಕಾಯುವುದಿಲ್ಲ. ಸಣ್ಣ ಸೈಟಿನ ಮೇಲೆ ಮನೆ ಎತ್ತರಕ್ಕೆ ಏರುವುದು ಮಾತ್ರ ಅದಿಲ್ಲದೆ ಸಾಗುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ರೂಪಿಸಿದ ಕಟ್ಟಡ ನಿಯಮಗಳು ತಪ್ಪು ಜಾಗದಲ್ಲಿ ಲೆಕ್ಕ ಹಾಕುತ್ತವೆ ಎಂಬುದು ಈ ಲೇಖನದ ವಾದ.

ಮತ್ತಿಕೆರೆಯ ಪಕ್ಕದಲ್ಲೇ ಇರುವ ಮಲ್ಲೇಶ್ವರ ಇದಕ್ಕೆ ಒಳ್ಳೆಯ ಒರೆಗಲ್ಲು. 1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆ ಏಳುವ ಮೊದಲೇ ಮಲ ಎಲ್ಲಿಗೆ ಹೋಗಬೇಕೆಂಬುದು ನಕ್ಷೆಯಲ್ಲಿ ನಿರ್ಧಾರವಾಗಿತ್ತು. ಮನೆಗಳ ಹಿತ್ತಿಲ ಸಾಲಿನ ಕನ್ಸರ್ವೆನ್ಸಿ ಓಣಿಗಳು ಅದಕ್ಕಾಗಿಯೇ ಬಿಟ್ಟ ಜಾಗ. ಆ ಅಚ್ಚುಕಟ್ಟಿನ ಹಿಂದೆ, ಮಲವನ್ನು ಕೈಯಾರೆ ಬಳಿದು ಹೊತ್ತೊಯ್ಯುವ ಕೆಲಸವನ್ನು ಒಂದು ಜಾತಿಯ ಜನರ ತಲೆಗೆ ಕಟ್ಟಿದ ಅನ್ಯಾಯ ಇತ್ತು ಎಂಬುದನ್ನು ಮರೆಯುವಂತಿಲ್ಲ. 1922ರಲ್ಲಿ ನಗರದ ಕೆಲವು ಭಾಗಗಳಿಗೆ ನೆಲದಡಿಯ ಒಳಚರಂಡಿ ಬಂತು. 1964ರಲ್ಲಿ ಜಲಮಂಡಳಿ ಹುಟ್ಟಿತು. ಮತ್ತಿಕೆರೆಯ ದಾರಿ ಬೇರೆ. ಹೆಸರಿನಲ್ಲೇ ಕೆರೆಯನ್ನು ಹೊತ್ತ ಈ ಹಳ್ಳಿಯ ಒಂದು ಮಗ್ಗುಲಿಗೆ 1909ರ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ), ಇನ್ನೊಂದು ಮಗ್ಗುಲಿಗೆ ಯಶವಂತಪುರದ ರೈಲು. 1950ರ ದಶಕದಲ್ಲಿ ಜಾಲಹಳ್ಳಿಯ ಕಡೆ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದವು, 1960ರ ದಶಕದಲ್ಲಿ ಎಂ.ಎಸ್. ರಾಮಯ್ಯ ಕಾಲೇಜು. ಶಿಫ್ಟಿಗೆ ಹೋಗುವ ಕಾರ್ಮಿಕನಿಗೆ, ಆಮೇಲೆ ವಿದ್ಯಾರ್ಥಿಗೆ ಬೇಕಾದದ್ದು ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಬಾಡಿಗೆ ಕೋಣೆ. ಇಲ್ಲಿ ಬೀದಿಯ ಆಕಾರವನ್ನು ತೀರ್ಮಾನಿಸಿದ್ದು ಆ ಬೇಡಿಕೆ. ಕನ್ಸರ್ವೆನ್ಸಿ ಓಣಿಯ ಯೋಚನೆ ಯಾರಿಗೂ ಬರಲಿಲ್ಲ.

ಅಡ್ಡಡ್ಡ ಹರಡುವಿಕೆ ಕೊಳವೆಗಾಗಿ ಕಾಯುವುದಿಲ್ಲ ಎಂಬುದಕ್ಕೆ ನಗರದ ಅಂಚೇ ಸಾಕ್ಷಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆಯ ಜತೆಗೆ 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದವು. ಆ ಹಳ್ಳಿಗಳಿಗೆ ನೀರು, ಒಳಚರಂಡಿ ಒದಗಿಸುವುದನ್ನೂ ಒಳಗೊಂಡ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿ ಮನೆ ಕಟ್ಟುವುದೇನೂ ನಿಲ್ಲಲಿಲ್ಲ. ರೆವಿನ್ಯೂ ಸೈಟು, ಕೊಳವೆಬಾವಿ, ಹಿತ್ತಿಲಲ್ಲೊಂದು ಪಿಟ್ಟು, ತುಂಬಿದಾಗ ಹೀರಿಕೊಂಡು ಹೋಗುವ ಟ್ಯಾಂಕರು ಇಷ್ಟಿದ್ದರೆ ಒಂದು ಕುಟುಂಬ ಸಂಸಾರ ಹೂಡುತ್ತದೆ. ಅಂತರ್ಜಲ ಕೆಡುವ ರೂಪದಲ್ಲಿ ಅದರ ಬೆಲೆಯನ್ನು ಇಡೀ ಊರು ತೆರುತ್ತದೆ, ಆದರೆ ಆ ಬೆಲೆ ಕಟ್ಟುವವನ ಲೆಕ್ಕಕ್ಕೆ ಬರುವುದಿಲ್ಲ.

ಎತ್ತರದ ಲೆಕ್ಕವೇ ಬೇರೆ. 30×40 ಅಡಿಯ ಒಂದು ಸೈಟನ್ನು ಮಾದರಿಯಾಗಿ ತೆಗೆದುಕೊಳ್ಳೋಣ. ಕೇಂದ್ರ ಸರ್ಕಾರದ ಕೈಪಿಡಿಯ ಪ್ರಕಾರ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80 ಕೊಳಚೆಯಾಗಿ ಹೊರಬೀಳುತ್ತದೆ ಎಂದಿಟ್ಟುಕೊಂಡರೆ ಐದು ಜನರ ಒಂದು ಮನೆಯಿಂದ ದಿನಕ್ಕೆ 540 ಲೀಟರ್. ಅದೇ ಸೈಟಿನಲ್ಲಿ ನೆಲಮಹಡಿ ಸೇರಿ ನಾಲ್ಕು ಅಂತಸ್ತು ಏರಿ, ಅಂತಸ್ತಿಗೆ ಎರಡರಂತೆ ಎಂಟು ಮನೆ, ಮನೆಗೆ ನಾಲ್ಕು ಜನ ಎಂದರೆ ಸುಮಾರು 3,450 ಲೀಟರ್. ಕಟ್ಟಡವೇ ಸೈಟನ್ನು ಆಕ್ರಮಿಸಿರುವಾಗ ಇಷ್ಟನ್ನು ಇಂಗಿಸಲು ಉಳಿದ ಮಣ್ಣೇ ಇಲ್ಲ. ಪಿಟ್ಟು ವಾರದೊಳಗೆ ಉಕ್ಕೀತು. ಬೀದಿಯಲ್ಲಿ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಇದ್ದರೆ ಈ ಎಂಟು ಮನೆಗಳ ಬಾಡಿಗೆ ಸಾಧ್ಯ, ಇಲ್ಲದಿದ್ದರೆ ಅಸಾಧ್ಯ. ಮತ್ತಿಕೆರೆಯ ಒಳಬೀದಿಗಳಲ್ಲಿ ಇಂದು ಕಾಣುವ ಕಿರಿದಾದ ಮೆಟ್ಟಿಲು, ಗೋಡೆಗುಂಟ ಇಳಿಬಿದ್ದ ಪಿವಿಸಿ ಪೈಪುಗಳ ಗೊಂಚಲು, ಗೇಟಿಗೆ ನೇತುಹಾಕಿದ ‘ಟು ಲೆಟ್’ ಹಲಗೆ, ಇವೆಲ್ಲ ರಸ್ತೆಯಡಿಯ ಕೊಳವೆ ಕೊಟ್ಟ ಮೌನ ಅನುಮತಿಯ ಗುರುತುಗಳು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮಹಡಿ ಏರಿಸಿದ್ದು ಜಮೀನಿನ ಬೆಲೆ, ಕಾವೇರಿ ನೀರು, ಕಾಲೇಜು, ಉದ್ಯೋಗ. ಒಳಚರಂಡಿಯದೇನು ಹೆಚ್ಚುಗಾರಿಕೆ ಎಂಬುದು ಮೊದಲನೆಯದು. ಇವು ಆಸೆಯನ್ನು ಹುಟ್ಟಿಸುತ್ತವೆ ಎಂಬುದು ನಿಜ. ಆದರೆ ನೀರನ್ನು ಟ್ಯಾಂಕರಿನಲ್ಲಿ ತರಿಸಬಹುದು, ಕೊಳವೆಬಾವಿ ಕೊರೆಸಬಹುದು. ಎಂಟು ಮನೆಗಳ ಕೊಳಚೆಯನ್ನು ದಿನಾ ಟ್ಯಾಂಕರಿನಲ್ಲಿ ಸಾಗಿಸಿದರೆ ಬಾಡಿಗೆಯ ಲಾಭ ಅದರಲ್ಲೇ ಕರಗುತ್ತದೆ. ಬದಲಿ ಇಲ್ಲದ ಅಂಶವೇ ನಿರ್ಣಾಯಕ ಅಂಶ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಗಳಲ್ಲಿ ಒಳಚರಂಡಿ ಇಲ್ಲದೆಯೂ ಹತ್ತಾರು ಅಂತಸ್ತಿನ ಅಪಾರ್ಟ್‌ಮೆಂಟುಗಳು ಎದ್ದಿವೆಯಲ್ಲ ಎಂಬುದು ಎರಡನೆಯ, ಹೆಚ್ಚು ಗಟ್ಟಿಯಾದ ಆಕ್ಷೇಪ. ಎದ್ದಿವೆ, ಆವರಣದೊಳಗೇ ಶುದ್ಧೀಕರಣ ಘಟಕ ಕಟ್ಟಿಕೊಂಡು ಎದ್ದಿವೆ. ಅದಕ್ಕೆ ಜಾಗ ಬೇಕು, ನಡೆಸಲು ಆಪರೇಟರ್ ಬೇಕು, ಖರ್ಚು ಹಂಚಿಕೊಳ್ಳಲು ನೂರಾರು ಮನೆ ಬೇಕು. ಹೀಗಾಗಿ ಒಳಚರಂಡಿ ಇಲ್ಲದ ಕಡೆ ಎತ್ತರ ದೊಡ್ಡ ಬಿಲ್ಡರನ ಸೊತ್ತಾಗುತ್ತದೆ, ಇದ್ದ ಕಡೆ ಸಣ್ಣ ಸೈಟಿನವನಿಗೂ ದಕ್ಕುತ್ತದೆ. ಈ ಆಕ್ಷೇಪ ವಾದವನ್ನು ಒಡೆಯುವ ಬದಲು ಅದರ ವರ್ಗಸ್ವರೂಪವನ್ನು ಬಯಲು ಮಾಡುತ್ತದೆ.

ಹಾಗಾದರೆ ಮಳೆ ಬಂದಾಗ ಮ್ಯಾನ್‌ಹೋಲು ಉಕ್ಕುವುದು ಜನ ಹೆಚ್ಚಾದ ಕಾರಣಕ್ಕೇ? ಲೆಕ್ಕ ಹಾಗೆ ಹೇಳುವುದಿಲ್ಲ. ಮೇಲಿನ ಎಂಟು ಮನೆಗಳ ಕಟ್ಟಡದಿಂದ ಸರಾಸರಿ ಸೆಕೆಂಡಿಗೆ 0.04 ಲೀಟರ್, ಬೆಳಗಿನ ನೂಕುನುಗ್ಗಲಿಗೆ ಮೂರು ಪಟ್ಟು ಹಿಡಿದರೂ 0.12 ಲೀಟರ್. ಆರಂಗುಲದ ಕೊಳವೆ ಸಾಧಾರಣ ಇಳಿಜಾರಿನಲ್ಲಿ ಸೆಕೆಂಡಿಗೆ ಸುಮಾರು 12 ಲೀಟರ್ ಸಾಗಿಸುತ್ತದೆ, ಅಂದರೆ ಹೂಳಿಲ್ಲದಿದ್ದರೆ ಇಂಥ ನೂರು ಕಟ್ಟಡಗಳನ್ನು ತಾಳಿಕೊಳ್ಳುತ್ತದೆ. ಈಗ ಅದೇ ಕಟ್ಟಡದ 100 ಚದರ ಮೀಟರಿನ ತಾರಸಿಯ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಸುರಿಯಲಿ: ಸೆಕೆಂಡಿಗೆ ಸುಮಾರು 1.4 ಲೀಟರ್. ತಾರಸಿಯ ಪೈಪನ್ನು ಯುಜಿಡಿಗೆ ಸೇರಿಸಿಬಿಟ್ಟರೆ ಮೂವತ್ತೆರಡು ಜನರ ಕೊಳಚೆಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ನೀರು ಒಮ್ಮೆಗೇ ನುಗ್ಗುತ್ತದೆ. ಒಂಬತ್ತು ತಾರಸಿ ಸೇರಿದರೆ ಕೊಳವೆ ತುಂಬಿತು. ಅಪರಾಧಿ ಬಾಡಿಗೆದಾರನಲ್ಲ, ತಾರಸಿ. ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದ 2009ರ ಕಾನೂನು ಹೊಸ ಕಟ್ಟಡಗಳಿಗೆ 30×40ರಿಂದಲೇ ಅನ್ವಯವಾಯಿತಾದರೂ ಆಗಲೇ ಇದ್ದ ಕಟ್ಟಡಗಳಲ್ಲಿ 40×60ರವನ್ನೂ ದೊಡ್ಡವನ್ನೂ ಮಾತ್ರ ಹಿಡಿಯಿತು. ಹಳೆಯ ಬಡಾವಣೆಯ ಸಣ್ಣ ಮನೆಗಳು ಅದರ ಕೈಗೆ ಸಿಗಲಿಲ್ಲ. ಕಟ್ಟಿಕೊಂಡ ಕೊಳವೆಯ ಕೊನೆಯ ಬೆಲೆ ತೆರುವವರು ಪೌರಕಾರ್ಮಿಕರು. ಮ್ಯಾನ್‌ಹೋಲಿಗೆ ಮನುಷ್ಯರನ್ನು ರಕ್ಷಣೆಯಿಲ್ಲದೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಹಡಿಗಳಿಗೇ ಕಡಿವಾಣ ಹಾಕೋಣ ಎಂಬ ಸಲಹೆ ಇಲ್ಲಿಗೆ ಬರುವುದು ಸಹಜ. ಅದು ಒಪ್ಪತಕ್ಕದ್ದಲ್ಲ. ಮತ್ತಿಕೆರೆಯಲ್ಲಿ ತಪ್ಪಿಸಿದ ಎಂಟು ಮನೆಗಳು ಇಲ್ಲವಾಗುವುದಿಲ್ಲ. ಕೊಳವೆ ಇಲ್ಲದ ಅಂಚಿನಲ್ಲಿ ಎಂಟು ಪಿಟ್ಟುಗಳಾಗಿ ಏಳುತ್ತವೆ. ಬೇಕಾದದ್ದು ಲೆಕ್ಕದ ಬದಲಾವಣೆ. ಕಟ್ಟಡ ನಿಯಮ ಎಣಿಸುವುದು ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣಕ್ಕೂ ಸೈಟಿನ ವಿಸ್ತೀರ್ಣಕ್ಕೂ ಇರುವ ಅನುಪಾತವನ್ನು, ಅಂದರೆ ಎಫ್‌ಎಆರ್ ಅನ್ನು. ಕೊಳವೆ ಹೊರುವುದು ಮನೆಗಳನ್ನು, ತಾರಸಿಯ ನೀರನ್ನು. ಮೇಲೆ ಮಹಡಿ ಸೇರಿದಾಗಲೂ ಅನೇಕ ವೇಳೆ ಹಳೆಯ ಜೋಡಣೆಯೇ ಮುಂದುವರಿಯುತ್ತದೆ. ದೊಡ್ಡ ಕಟ್ಟಡಗಳಿಂದ ಜಲಮಂಡಳಿ ಪ್ರಮಾಣಾನುಗುಣ (ಪ್ರೊರಾಟಾ) ಶುಲ್ಕ ಪಡೆಯುವಂತೆ, ಪ್ರತಿ ಹೊಸ ಮಹಡಿಯ ಹೊತ್ತಿಗೂ ಮನೆಗಳ ಸಂಖ್ಯೆಗೆ ತಕ್ಕ ಸಣ್ಣ ಶುಲ್ಕ ಇರಲಿ, ತಾರಸಿಯ ಪೈಪು ಎಲ್ಲಿಗೆ ಇಳಿದಿದೆ ಎಂಬ ತಪಾಸಣೆ ಇರಲಿ, ಆ ಹಣ ಅದೇ ಬೀದಿಯ ಹೂಳೆತ್ತುವ ಯಂತ್ರಕ್ಕೆ ಸಲ್ಲಲಿ. ಮಹಡಿಗೆ ಒಪ್ಪಿಗೆ ಕೊಡುವ ಕಚೇರಿಯೂ ಕೊಳವೆಯನ್ನು ನೋಡಿಕೊಳ್ಳುವ ಮಂಡಳಿಯೂ ಒಂದೇ ಲೆಕ್ಕದ ಪುಸ್ತಕವನ್ನು ಇಟ್ಟುಕೊಳ್ಳುವುದು ಈ ಬದಲಾವಣೆಯ ಮೊದಲ ಹೆಜ್ಜೆಯಾಗಬೇಕು.