ಫೈಲ್ ಸಿಸ್ಟಮ್ ರಚನೆ (ಕಮಾಂಡ್ ಲೈನ್)

ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಅಥವಾ ಅವುಗಳ ಒಂದು ಪಾರ್ಟಿಷನ್ ಮೇಲೆ ಫೈಲ್‌ಗಳ ಲೆಕ್ಕವಿಡುವ ಏರ್ಪಾಡನ್ನು ಟರ್ಮಿನಲ್‌ನಲ್ಲಿ ಆದೇಶ ಬರೆದು ಸ್ಥಾಪಿಸುವ ಕೆಲಸ. ಆಡುಮಾತಿನಲ್ಲಿ ‘ಫಾರ್ಮ್ಯಾಟ್ ಮಾಡುವುದು’. ಲಿನಕ್ಸ್‌ನಲ್ಲಿ ಇದಕ್ಕಿರುವ ಆದೇಶ ಎಂಕೆಎಫ್‌ಎಸ್. ಅದರ ಹಿಂದೆ ಆಯಾ ಮಾದರಿಗೆ ಬೇರೆ ಬೇರೆ ಪ್ರೋಗ್ರಾಂಗಳಿವೆ. ಇಎಕ್ಸ್‌ಟಿ4 ಮಾದರಿಗೆ ದುಡಿಯುವುದು ಎಂಕೆಇ2ಎಫ್‌ಎಸ್.

ಪಾರ್ಟಿಷನ್ ಮಾಡುವುದೆಂದರೆ ಜಮೀನಿಗೆ ಹದ್ದುಬಸ್ತು ಮಾಡಿದಂತೆ. ಫೈಲ್ ಸಿಸ್ಟಮ್ ಮಾಡುವುದೆಂದರೆ ಅದಕ್ಕೆ ಹೊಸ ಪಹಣಿ ಬರೆದಂತೆ. ಹಳೆಯ ಪಹಣಿ ಹೋದರೂ ಜಮೀನು ಅಲ್ಲೇ ಇರುತ್ತದೆ. ಆದೇಶ ಬರೆಯುವುದು ಹೊಸ ಲೆಕ್ಕವನ್ನು ಮಾತ್ರ, ಇಡೀ ಡಿಸ್ಕನ್ನು ಒರೆಸುವುದಿಲ್ಲ. ಅದಕ್ಕೇ ದೊಡ್ಡ ಡಿಸ್ಕ್ ಕೂಡ ಬೇಗ ತಯಾರಾಗುತ್ತದೆ. ಹಳೆಯ ಮಾಹಿತಿ ತಿರುಗುವ ಡಿಸ್ಕ್‌ನಲ್ಲಿ ಅಲ್ಲಲ್ಲಿ ಉಳಿದಿದ್ದು ಕೆಲವೊಮ್ಮೆ ಮರಳಿ ಸಿಗುವುದೂ ಉಂಟು. ಎಸ್‌ಎಸ್‌ಡಿಯಲ್ಲಿ ಈ ಭರವಸೆ ಬೇಡ: ಎಂಕೆಇ2ಎಫ್‌ಎಸ್ ತಾನಾಗಿಯೇ ‘ಈ ಜಾಗ ಖಾಲಿ’ ಎಂಬ ಸೂಚನೆಯನ್ನು ಡ್ರೈವ್‌ಗೆ ಕಳಿಸುತ್ತದೆ.

ಇಎಕ್ಸ್‌ಟಿ4ರಲ್ಲಿ ಜಾಗವನ್ನು ಸಾಮಾನ್ಯವಾಗಿ 4096 ಬೈಟ್‌ಗಳ ಬ್ಲಾಕ್‌ಗಳಾಗಿಯೂ 32768 ಬ್ಲಾಕ್‌ಗಳಿಗೊಂದು ಗುಂಪಾಗಿಯೂ ವಿಂಗಡಿಸುತ್ತಾರೆ. ಪ್ರತಿ ಫೈಲ್‌ಗೂ ಅದರ ವಿವರ ಬರೆದಿಡುವ ಒಂದು ಐನೋಡ್ ಬೇಕು. ಅವುಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ: 16384 ಬೈಟ್‌ಗೆ ಒಂದು. ಅದಲ್ಲದೆ 5% ಜಾಗವನ್ನು ರೂಟ್ ಬಳಕೆದಾರನಿಗೆ ಕಾದಿರಿಸುತ್ತಾರೆ. 1 ಟಿಬಿ ಡಿಸ್ಕ್‌ನಲ್ಲಿ ಇದು 50 ಜಿಬಿ. ಬರೀ ಫೋಟೊ, ವಿಡಿಯೊ ತುಂಬುವ ಡಿಸ್ಕ್‌ಗೆ ಇಷ್ಟು ದಂಡ. ಕೆಲಸದ ನಡುವೆ ತೆರೆಯ ಮೇಲೆ ಮೂಡುವ 32768, 98304, 163840 ಎಂಬ ಅಂಕೆಗಳ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಅವು ಇಡೀ ಫೈಲ್ ಸಿಸ್ಟಮ್‌ನ ಮುಖ್ಯ ವಿವರ ಹೊತ್ತ ಸೂಪರ್‌ಬ್ಲಾಕ್‌ನ ನಕಲುಗಳಿರುವ ಜಾಗಗಳು. ಮೊದಲ ಪ್ರತಿ ಕೆಟ್ಟರೆ ದುರಸ್ತಿ ಆದೇಶಕ್ಕೆ ಕೊಡಬೇಕಾದ್ದು ಅವನ್ನೇ.

ಅಪಾಯವಿರುವುದು ಡಿಸ್ಕ್‌ನ ಹೆಸರಿನಲ್ಲಿ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಕಂಪ್ಯೂಟರ್ ಮತ್ತೆ ಶುರುವಾದಾಗ ಅದಲುಬದಲಾಗಬಹುದು. ಆದ್ದರಿಂದ ಮೊದಲು ಎಲ್‌ಎಸ್‌ಬಿಎಲ್‌ಕೆ ಆದೇಶ ಕೊಟ್ಟು ಗಾತ್ರವನ್ನೂ ಹಳೆಯ ಲೇಬಲ್ಲನ್ನೂ ನೋಡಿಕೊಳ್ಳುವುದು ವಾಡಿಕೆ. ಮೌಂಟ್ ಆಗಿರುವ, ಅಂದರೆ ಬಳಕೆಗೆ ಜೋಡಿಸಿರುವ, ಪಾರ್ಟಿಷನ್ನನ್ನು ಎಂಕೆಇ2ಎಫ್‌ಎಸ್ ಮುಟ್ಟುವುದಿಲ್ಲ. ಹಳೆಯ ಫೈಲ್ ಸಿಸ್ಟಮ್ ಕಂಡರೆ ಅದು ಮುಂದುವರಿಯಲೇ ಎಂದು ಕೇಳುತ್ತದೆ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಮಾದರಿಯ ಆದೇಶ ಬಲವಂತದ ಆಯ್ಕೆ ಕೊಡದ ಹೊರತು ನಿರಾಕರಿಸುತ್ತದೆ. ಎಂಕೆಇ2ಎಫ್‌ಎಸ್‌ಗೆ ‘ಎನ್’ ಆಯ್ಕೆ ಕೊಟ್ಟರೆ ಏನು ಮಾಡಲಿದೆ ಎಂಬುದನ್ನಷ್ಟೇ ತೋರಿಸಿ ನಿಲ್ಲುತ್ತದೆ.

ಇಎಕ್ಸ್‌ಟಿ4 ಸ್ಥಿರ ರೂಪದಲ್ಲಿ ಲಿನಕ್ಸ್‌ಗೆ ಸೇರಿದ್ದು 2008ರಲ್ಲಿ. ಅದರ ಬಗ್ಗೆ 2007ರಲ್ಲಿ ಒಟ್ಟಾವ ಲಿನಕ್ಸ್ ಸಮ್ಮೇಳನದಲ್ಲಿ ಮಂಡನೆಯಾದ ಪ್ರಬಂಧದ ಲೇಖಕರಲ್ಲಿ ಐಬಿಎಂ ಇಂಡಿಯಾದ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. ಹಲವು ಕಂಪ್ಯೂಟರ್‌ಗಳ ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿ ಕೂಡಿಸುವ, 2011ರಲ್ಲಿ ರೆಡ್ ಹ್ಯಾಟ್ ಕೊಂಡ ಗ್ಲಸ್ಟರ್ ಬೆಳೆದದ್ದು ಬಹುಪಾಲು ಬೆಂಗಳೂರಿನಲ್ಲಿ. ಅದಕ್ಕೆ ಡಿಸ್ಕ್ ಸಿದ್ಧಪಡಿಸುವಾಗ ಎಕ್ಸ್‌ಎಫ್‌ಎಸ್ ಬಳಸಿ ಐನೋಡ್ ಗಾತ್ರ 512 ಬೈಟ್ ಇಡುವುದು ರೂಢಿ.

ಕನ್ನಡದಲ್ಲಿ ಲೇಬಲ್ ಕೊಡುವವರಿಗೆ ಒಂದು ತೊಡಕಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಕಾಗುಣಿತದ ಚಿಹ್ನೆಗೂ ಅಷ್ಟೇ. ಹಾಸನ ಜಿಲ್ಲೆಯ ನಾಲ್ಕು ಊರಿನ ದಾಖಲೆಗೆ ನಾಲ್ಕು ಪಾರ್ಟಿಷನ್ ಮಾಡಿ ಊರ ಹೆಸರನ್ನೇ ಇಡಲು ಹೊರಟರೆ, ‘ಹಾಸನ’ 12 ಬೈಟ್, ‘ಅರಕಲಗೂಡು’ 24, ‘ಹೊಳೆನರಸೀಪುರ’ 33, ‘ಚನ್ನರಾಯಪಟ್ಟಣ’ 36. ಎಕ್ಸ್‌ಎಫ್‌ಎಸ್‌ನ ಮಿತಿ 12 ಬೈಟ್. ಹಾಸನ ಸರಿಯಾಗಿ ಹಿಡಿಸುತ್ತದೆ, ಉಳಿದ ಮೂರಕ್ಕೆ ಆದೇಶ ಮುಂದುವರಿಯುವುದೇ ಇಲ್ಲ. ಇಎಕ್ಸ್‌ಟಿ4ರ ಮಿತಿ 16. ಅದು ಎಚ್ಚರಿಕೆ ಕೊಟ್ಟು ಹೆಸರನ್ನು ಕತ್ತರಿಸುತ್ತದೆ: ‘ಅರಕಲಗ’ ಉಳಿದು, ಬಾಲಕ್ಕೆ ‘ಊ’ ಚಿಹ್ನೆಯ ಒಂದು ತುಂಡು ಬೈಟ್ ಅಂಟಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್ ಎಣಿಸುವುದು ಬೈಟನ್ನಲ್ಲ, ಸಂಕೇತಗಳನ್ನು, ಮಿತಿ 11. ಹೊಳೆನರಸೀಪುರ ಕೂದಲೆಳೆಯಲ್ಲಿ ಪಾರು, ಚನ್ನರಾಯಪಟ್ಟಣಕ್ಕೆ ಒಂದು ಸ್ಥಾನ ಕಡಿಮೆ. ನಾಲ್ಕೂ ಹೆಸರು ಆರಾಮವಾಗಿ ಹಿಡಿಸುವುದು ಬಿಟಿಆರ್‌ಎಫ್‌ಎಸ್ ಮತ್ತು ಎನ್‌ಟಿಎಫ್‌ಎಸ್‌ಗಳಲ್ಲಿ. ಫೈಲ್ ಹೆಸರಿಗೂ ಇದೇ ಲೆಕ್ಕ: ಇಎಕ್ಸ್‌ಟಿ4ರ 255 ಬೈಟ್ ಎಂದರೆ ಕನ್ನಡದಲ್ಲಿ 85 ಸಂಕೇತ.

ಲೇಬಲ್ ಇರುವುದು ನೋಡುವವರ ಅನುಕೂಲಕ್ಕೆ. ಫಾರ್ಮ್ಯಾಟ್ ಮಾಡಿದ ಪಾರ್ಟಿಷನ್ ಪ್ರತಿ ಸಲ ತಾನೇ ಮೌಂಟ್ ಆಗಬೇಕಾದರೆ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅದರ ಯುಯುಐಡಿ ಎಂಬ ಗುರುತಿನ ಸಂಖ್ಯೆ ಬರೆಯುವುದು ವಾಸಿ. ಕಳಚಿ ಒಯ್ಯುವ ಡಿಸ್ಕ್ ಆದರೆ ಆ ಸಾಲಿನಲ್ಲಿ ‘ನೋಫೇಲ್’ ಎಂದೂ ಸೇರಿಸಬೇಕು. ಇಲ್ಲವಾದರೆ ಡಿಸ್ಕ್ ಸಿಕ್ಕಿಸದೆ ಕಂಪ್ಯೂಟರ್ ಹಾಕಿದ ದಿನ ಕಂಪ್ಯೂಟರನ್ನು ಶುರುಮಾಡುವ ಸಿಸ್ಟಮ್‌ಡಿ 90 ಸೆಕೆಂಡ್ ಕಾದು ತುರ್ತು ಸ್ಥಿತಿಗೆ ಇಳಿಯುತ್ತದೆ.